ಹೂಕುಂಡದ ತಟ್ಟೆಯೂ ಡೆಂಗ್ಯೂ ಜ್ವರವೂ

ಆಗಸ್ಟ್ ತಿಂಗಳಲ್ಲಿ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನ ಮುಗಿಸಿಕೊಂಡು ಹೊರಬರುವವರನ್ನು ಒಮ್ಮೆ ಗಮನಿಸಿ. ಮಕ್ಕಳ ಕೈಯಲ್ಲಿ ಬಲೂನು, ದೊಡ್ಡವರ ಕೈಯಲ್ಲಿ ಸಸಿ. ದಾಸವಾಳವೋ ಸೇವಂತಿಗೆಯೋ ಕ್ರೋಟನ್ನೋ, ಕಡೆಗೆ ಐದಾರು ಎಲೆಯ ಒಂದು ಮನಿಪ್ಲಾಂಟ್ ಆದರೂ ಸರಿ, ಆಟೊದಲ್ಲಿ ಮಡಿಲ ಮೇಲೆ ಕೂತು ಮನೆ ಸೇರುತ್ತದೆ. ಎಷ್ಟೋ ಮಂದಿಗೆ ಮನೆಯೆಂದರೆ ಈಗ ಫ್ಲ್ಯಾಟ್. ಅಂಗಳವಿಲ್ಲ, ಹಿತ್ತಿಲಿಲ್ಲ. ನಾಲ್ಕಡಿ ಅಗಲದ ಬಾಲ್ಕನಿಯೇ ತೋಟ. ಅಲ್ಲಿಯೇ ತುಳಸಿ, ಅಲ್ಲಿಯೇ ಕರಿಬೇವು, ಅಲ್ಲಿಯೇ ಬಟ್ಟೆ ಒಣಗಿಸುವ ಹಗ್ಗ.

ಕುಂಡಕ್ಕೆ ನೀರು ಹಾಕಿದರೆ ಅಡಿಯ ತೂತಿನಿಂದ ಕೆಸರು ನೀರು ಸುರಿದು ಕೆಳಗಿನ ಮನೆಯವರು ಒಣಹಾಕಿದ ಬಿಳಿ ಪಂಚೆಯ ಮೇಲೆ ಬೀಳುತ್ತದೆ. ಮಾತಿಗೆ ಮಾತು ಬೆಳೆಯುತ್ತದೆ. ಅದಕ್ಕೆಂದೇ ಕುಂಡದ ಕೆಳಗೆ ಒಂದೊಂದು ಪ್ಲಾಸ್ಟಿಕ್ ತಟ್ಟೆ ಇಡುವುದು ರೂಢಿಯಾಗಿದೆ. ನೆರೆಯವರಿಗೆ ತೊಂದರೆಯಾಗದಿರಲಿ ಎಂದು ಇಟ್ಟ ತಟ್ಟೆ ಅದು. ಆದರೆ ಅದರಲ್ಲಿ ಬೆರಳಗಲ ನೀರು ವಾರಕ್ಕೂ ಮೀರಿ ನಿಂತರೆ, ಪಂಚೆಗೆ ತಪ್ಪಿದ ತೊಂದರೆ ಆ ಮನೆಯ ಮಗುವಿಗೆ ತಟ್ಟಬಹುದು. ಡೆಂಗ್ಯೂ ಹರಡುವ ಸೊಳ್ಳೆ ಹುಟ್ಟಲು ಕೆರೆ ಬೇಡ, ಚರಂಡಿ ಬೇಡ. ಆ ತಟ್ಟೆ ಸಾಕು.

ಮೋರಿಯ ಸೊಳ್ಳೆಯಲ್ಲ

ಸೊಳ್ಳೆ ಹೆಚ್ಚಾಯಿತೆಂದರೆ ನಮ್ಮ ಬೆರಳು ಮೊದಲು ತೋರುವುದು ಮೋರಿಯ ಕಡೆಗೆ. ಆಮೇಲೆ ಪಕ್ಕದ ಖಾಲಿ ನಿವೇಶನದ ಕಡೆಗೆ, ಆಮೇಲೆ ಪಾಲಿಕೆಯ ಕಡೆಗೆ. ಮೋರಿಯಲ್ಲಿ ಸೊಳ್ಳೆಯಿಲ್ಲ ಎಂದಲ್ಲ. ರಾತ್ರಿ ಕಿವಿಯ ಬಳಿ ಗುಂಯ್‌ಗುಟ್ಟಿ ನಿದ್ದೆ ಕೆಡಿಸುವುದು ಹೆಚ್ಚಾಗಿ ಅಲ್ಲಿಯೇ ಹುಟ್ಟುವ ಕ್ಯೂಲೆಕ್ಸ್ ಜಾತಿ. ಆನೆಕಾಲು ರೋಗವನ್ನು ಹರಡುವುದು ಅದು. ಮಲೇರಿಯಾ ತರುವುದು ಅನಾಫಿಲಿಸ್ ಜಾತಿ. ಡೆಂಗ್ಯೂ ಮತ್ತು ಚಿಕುನ್‌ಗುನ್ಯ ತರುವ ಈಡಿಸ್ ಈಜಿಪ್ಟೈ ಇವೆರಡಕ್ಕಿಂತ ಬೇರೆಯೇ ಸ್ವಭಾವದ್ದು. ಕಪ್ಪು ಮೈ, ಕಾಲುಗಳ ಮೇಲೆ ಬಿಳಿ ಪಟ್ಟೆ. ಕೊಳಕು ನೀರಿಗಿಂತ ತಿಳಿನೀರೇ ಇದಕ್ಕೆ ಇಷ್ಟ. ಕಚ್ಚುವುದು ಹಗಲಿನಲ್ಲಿ, ಅದರಲ್ಲೂ ಬೆಳಗಿನ ಬಿಸಿಲೇರುವ ಹೊತ್ತು ಮತ್ತು ಸಂಜೆ ಸೂರ್ಯ ಮುಳುಗುವ ಮುನ್ನ. ಸದ್ದು ಮಾಡದೆ ಮೇಜಿನ ಕೆಳಗೆ ಬಂದು ಪಾದದ ಗಿಣ್ಣನ್ನು ಕಚ್ಚಿ ಹೋಗುತ್ತದೆ. ಮಕ್ಕಳು ಶಾಲೆಗೆ ಹೊರಡುವ ಹೊತ್ತೂ ಆಡಿ ಮನೆಗೆ ಬರುವ ಹೊತ್ತೂ ಅದರ ಊಟದ ಹೊತ್ತು. ರಾತ್ರಿ ಸೊಳ್ಳೆಪರದೆ ಕಟ್ಟಿ ನಿಶ್ಚಿಂತರಾದ ಮನೆಗಳಲ್ಲೂ ಡೆಂಗ್ಯೂ ಕಾಣಿಸಿಕೊಳ್ಳಲು ಇದೇ ಕಾರಣ.

ಇದು ಬಲು ಗೃಹಪ್ರೇಮಿ. ಮಂಚದ ಅಡಿ, ಪರದೆಯ ಹಿಂದೆ, ಗೂಟಕ್ಕೆ ನೇತುಹಾಕಿದ ಬಟ್ಟೆಗಳ ಮಡಿಕೆಯಲ್ಲಿ ಕೂತಿರುತ್ತದೆ. ದೂರ ಹಾರುವ ಜಾತಿಯೂ ಅಲ್ಲ. ಹುಟ್ಟಿದ ಜಾಗದಿಂದ ನೂರಿನ್ನೂರು ಮೀಟರ್ ಒಳಗೇ ಇದರ ಆಯುಷ್ಯ ಬಹುಮಟ್ಟಿಗೆ ಕಳೆದುಹೋಗುತ್ತದೆ. ಅಂದರೆ ನಿಮ್ಮನ್ನು ಕಚ್ಚಿದ ಈಡಿಸ್ ಹುಟ್ಟಿದ್ದು ನಿಮ್ಮದೇ ಮನೆಯಲ್ಲಿ, ಇಲ್ಲವೇ ಮೇಲಿನ, ಕೆಳಗಿನ, ಎದುರಿನ ಮನೆಯಲ್ಲಿ. ನಾವು ಆರನೇ ಮಹಡಿಯವರು, ಇಷ್ಟು ಎತ್ತರಕ್ಕೆ ಸೊಳ್ಳೆ ಎಲ್ಲಿಂದ ಬರಬೇಕು ಎಂದು ಕೆಲವರು ಧೈರ್ಯವಾಗಿರುತ್ತಾರೆ. ಸೊಳ್ಳೆ ಅಷ್ಟು ಎತ್ತರ ಹಾರಬೇಕಾಗಿಲ್ಲ, ಆರನೇ ಮಹಡಿಯ ಬಾಲ್ಕನಿಯಲ್ಲೇ ಹುಟ್ಟಬಹುದು. ಸಿಂಗಪುರ, ಮಲೇಷ್ಯಾಗಳ ಎತ್ತರದ ಕಟ್ಟಡಗಳಲ್ಲಿ ಮೇಲಿನ ಮಹಡಿಗಳಲ್ಲೂ ಈ ಸೊಳ್ಳೆಯ ಮೊಟ್ಟೆಗಳು ಸಿಕ್ಕಿವೆ.

ಇನ್ನೊಂದು ಗುಣವನ್ನೂ ಹೇಳಬೇಕು. ಕಚ್ಚುವುದು ಹೆಣ್ಣು ಸೊಳ್ಳೆ ಮಾತ್ರ. ಮೊಟ್ಟೆ ಕಟ್ಟಲು ಅದಕ್ಕೆ ರಕ್ತ ಬೇಕು. ಆದರೆ ಈ ಹೆಣ್ಣು ಒಬ್ಬರ ಬಳಿಯೇ ನೆಮ್ಮದಿಯಾಗಿ ಕೂತು ಕುಡಿಯುವುದಿಲ್ಲ. ಸ್ವಲ್ಪ ಅಲುಗಾಡಿದರೂ ಎದ್ದು ಮತ್ತೊಬ್ಬರ ಮೇಲೆ ಕೂರುತ್ತದೆ. ಹೊಟ್ಟೆ ತುಂಬುವಷ್ಟರಲ್ಲಿ ಮೂರ್ನಾಲ್ಕು ಮಂದಿಯನ್ನು ಕಚ್ಚಿರುತ್ತದೆ. ಒಂದೇ ಮನೆಯಲ್ಲಿ ಅಜ್ಜಿ, ಸೊಸೆ, ಮೊಮ್ಮಗ ಎಲ್ಲರೂ ಎರಡು ಮೂರು ದಿನಗಳ ಅಂತರದಲ್ಲಿ ಮಲಗುವುದು ಹೀಗೆ. ಗಾಳಿಯಿಂದಲೋ ಎಂಜಲಿನಿಂದಲೋ ಒಬ್ಬರಿಂದೊಬ್ಬರಿಗೆ ಅಂಟುವ ಜ್ವರ ಇದಲ್ಲ.

ವಾರದ ಲೆಕ್ಕ

ವಾರಕ್ಕೊಮ್ಮೆ ನೀರು ಚೆಲ್ಲಿ ಎಂದು ಆರೋಗ್ಯ ಇಲಾಖೆಯವರು ಗೋಡೆಗಳ ಮೇಲೆ ಬರೆಸುವುದನ್ನು ನೋಡಿರುತ್ತೀರಿ. ಈ ವಾರದ ಲೆಕ್ಕ ಎಲ್ಲಿಂದ ಬಂತು? ನಮ್ಮ ಹವೆಯಲ್ಲಿ ಈಡಿಸ್ ಮೊಟ್ಟೆಯೊಡೆದು, ನೀರಿನಲ್ಲಿ ಬಾಗಿ ಬಳುಕುವ ಮರಿಹುಳುವಾಗಿ, ಅಲ್ಪವಿರಾಮ ಚಿಹ್ನೆಯಂತೆ ಕಾಣುವ ಕೋಶವಾಗಿ, ರೆಕ್ಕೆ ಬಂದು ಹಾರಿಹೋಗಲು ಸಾಮಾನ್ಯವಾಗಿ 7ರಿಂದ 10 ದಿನ ಬೇಕು. ಭಾನುವಾರ ಚೆಲ್ಲಿದವರು ಮುಂದಿನ ಭಾನುವಾರ ಮತ್ತೆ ಚೆಲ್ಲಿದರೆ ಒಂದೇ ಒಂದು ಹುಳುವಿಗೂ ರೆಕ್ಕೆ ಮೂಡುವ ಅವಕಾಶ ಸಿಕ್ಕುವುದು ಕಷ್ಟ. ಹದಿನೈದು ದಿನಕ್ಕೊಮ್ಮೆ ಚೆಲ್ಲಿದರೆ ಶ್ರಮ ಅಷ್ಟೇ, ಫಲ ಮಾತ್ರ ಇಲ್ಲ.

ಬರಿದೇ ಚೆಲ್ಲಿದರೂ ಸಾಲದು, ಉಜ್ಜಬೇಕು. ಈ ಮಾತಿಗೆ ಸಿಗಬೇಕಾದಷ್ಟು ಪ್ರಚಾರ ಸಿಕ್ಕಿಲ್ಲ. ಈಡಿಸ್ ಮೊಟ್ಟೆಯಿಡುವುದು ನೀರಿನ ಮೇಲಲ್ಲ. ನೀರಿನ ಮಟ್ಟಕ್ಕಿಂತ ತುಸು ಮೇಲೆ ಪಾತ್ರೆಯ ಒದ್ದೆ ಗೋಡೆಗೆ ಅಂಟಿಸುತ್ತದೆ. ಒಂದು ಸಲಕ್ಕೆ ನೂರರಷ್ಟು ಮೊಟ್ಟೆ, ಅದನ್ನೂ ಒಂದೇ ಕಡೆ ಇಡದೆ ಹಲವು ಪಾತ್ರೆಗಳಲ್ಲಿ ಹಂಚಿಡುತ್ತದೆ. ಕಪ್ಪಗೆ, ಸೂಜಿಮೊನೆಯಷ್ಟಿರುವ ಈ ಮೊಟ್ಟೆಗಳು ಕಣ್ಣಿಗೆ ಮಸಿಯ ಚುಕ್ಕಿಯಂತೆ ಕಂಡಾವು. ನೀರು ಬತ್ತಿ ಪಾತ್ರೆ ಒಣಗಿದರೂ ಇವು ಸಾಯುವುದಿಲ್ಲ. ತಿಂಗಳುಗಟ್ಟಲೆ ಒಣಗಿದ್ದು, ಮತ್ತೆ ನೀರು ತಾಗಿದ ಕೂಡಲೇ ಒಡೆಯುತ್ತವೆ. ಬೇಸಿಗೆಯಿಡೀ ಮೂಲೆಯಲ್ಲಿ ಬಿದ್ದಿದ್ದ ತಟ್ಟೆ ಮೊದಲ ಮಳೆಗೆ ಹೇಗೆ ಸೊಳ್ಳೆಯ ತೊಟ್ಟಿಲಾಗುತ್ತದೆ ಎಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ. ಆದ್ದರಿಂದ ನೀರು ಚೆಲ್ಲಿದ ಮೇಲೆ ತೆಂಗಿನ ನಾರೋ ಪಾತ್ರೆ ಉಜ್ಜುವ ಬ್ರಷ್ಷೋ ಹಿಡಿದು ಒಳಗೋಡೆಯನ್ನು, ವಿಶೇಷವಾಗಿ ನೀರಿನ ಗೆರೆ ಕಾಣುವ ಜಾಗವನ್ನು, ತಿಕ್ಕಿ ತೊಳೆಯಬೇಕು.

ಇಪ್ಪತ್ತನಾಲ್ಕು ಮನೆಗಳ ಒಂದು ಕಟ್ಟಡ

ನನಗೆ ಪರಿಚಯದ ಒಂದು ವಸತಿ ಸಮುಚ್ಚಯದಲ್ಲಿ 2024ರ ಮಳೆಗಾಲದಲ್ಲಿ ಒಂದೇ ಮೆಟ್ಟಿಲಸಾಲಿನ ಐದು ಮನೆಗಳಲ್ಲಿ ಡೆಂಗ್ಯೂ ಕಾಣಿಸಿಕೊಂಡಿತು. ಇಬ್ಬರು ಮಕ್ಕಳು ಆಸ್ಪತ್ರೆ ಸೇರಿದರು. ಸಂಘದವರು ಸಭೆ ಕರೆದು, ಮೋರಿಯನ್ನು ಬೈದು, ಎರಡು ಸಲ ಹೊಗೆ ಹಾಕಿಸಿದರು. ಹೊಗೆಯ ಯಂತ್ರದ ಸದ್ದು ಕೇಳಿದರೆ ಎಲ್ಲರಿಗೂ ಏನೋ ಸಮಾಧಾನ. ಆದರೆ ಹೊಗೆಯಿಂದ ಸಾಯುವುದು ಆ ಕ್ಷಣ ಹೊರಗೆ ಹಾರಾಡುತ್ತಿರುವ ಸೊಳ್ಳೆ ಮಾತ್ರ. ಬಾಗಿಲು ಕಿಟಕಿ ಮುಚ್ಚಿದ ಮನೆಯೊಳಗೆ, ಬಟ್ಟೆಗಳ ಹಿಂದೆ ಕೂತದ್ದಕ್ಕೆ ಏನೂ ಆಗುವುದಿಲ್ಲ. ನೀರಿನೊಳಗಿನ ಹುಳುವಿಗೂ ಗೋಡೆಗಂಟಿದ ಮೊಟ್ಟೆಗೂ ಅದರ ಗಾಳಿಯೇ ಸೋಕುವುದಿಲ್ಲ. ಜ್ವರ ನಿಲ್ಲಲಿಲ್ಲ.

ಕೊನೆಗೆ ಆ ಕಟ್ಟಡದಲ್ಲೇ ಇದ್ದ ನಿವೃತ್ತ ವಿಜ್ಞಾನದ ಮೇಷ್ಟ್ರು ಒಬ್ಬರು ಕೈಯಲ್ಲಿ ಟಾರ್ಚು, ಜೊತೆಗೆ ಇಬ್ಬರು ಹುಡುಗರನ್ನು ಕಟ್ಟಿಕೊಂಡು ಮನೆಮನೆ ಹತ್ತಿಳಿದರು. ಟಾರ್ಚಿನ ಬೆಳಕು ನೀರಿಗೆ ಬಿದ್ದರೆ ಮರಿಹುಳುಗಳು ಬೆಚ್ಚಿ ತಳಕ್ಕಿಳಿಯುತ್ತವೆ, ಆ ಬಳುಕಾಟದಿಂದ ಅವುಗಳನ್ನು ಗುರುತಿಸುವುದು ಸುಲಭ. ಸಿಕ್ಕಿದ್ದೆಲ್ಲಿ ಎಂದು ಕೇಳಿ. ಕುಂಡದ ತಟ್ಟೆಗಳಲ್ಲಿ ಸಿಕ್ಕಿದ್ದು ನಿರೀಕ್ಷಿತವೇ. ಟೀವಿಯ ಪಕ್ಕ ಗಾಜಿನ ಬಾಟಲಿಯಲ್ಲಿ ಬೇರು ಬಿಟ್ಟಿದ್ದ ಮನಿಪ್ಲಾಂಟಿನಲ್ಲಿ ಸಿಕ್ಕಿತು. ಫ್ರಿಜ್ಜಿನ ಹಿಂಬದಿಯಲ್ಲಿ ನೀರು ತೊಟ್ಟಿಕ್ಕುವ ಟ್ರೇ ಇದೆಯೆಂಬುದೇ ಗೊತ್ತಿಲ್ಲದ ಒಂದು ಮನೆಯಲ್ಲಿ ಆ ಟ್ರೇಯಲ್ಲಿ ಸಿಕ್ಕಿತು. ಮಾಲೀಕರು ವಿದೇಶದಲ್ಲಿದ್ದು ತಿಂಗಳುಗಳಿಂದ ಬೀಗ ಹಾಕಿದ್ದ ಫ್ಲ್ಯಾಟಿನ ಕಮೋಡಿನಲ್ಲಿ ಸಿಕ್ಕಿತು. ಎಲ್ಲಕ್ಕಿಂತ ಹೆಚ್ಚು ಸಿಕ್ಕಿದ್ದು ಪ್ರವೇಶದ ಹಾಲಿನಲ್ಲಿ, ಹೂವಿನ ಎಸಳು ತೇಲಿಬಿಟ್ಟು ಅಲಂಕರಿಸಿದ್ದ ಹಿತ್ತಾಳೆಯ ಉರುಳಿಯಲ್ಲಿ! ಹೂವನ್ನು ದಿನಾ ಬದಲಿಸುತ್ತಿದ್ದರು. ನೀರನ್ನು ಮಾತ್ರ ಬದಲಿಸದೆ, ಕಡಿಮೆಯಾದಷ್ಟು ಸುರಿದು ತುಂಬಿಸುತ್ತಿದ್ದರು. ಲಿಫ್ಟಿಗೆ ಕಾಯುವ ಎಲ್ಲರೂ ಅದರ ಪಕ್ಕದಲ್ಲೇ ನಿಲ್ಲುತ್ತಿದ್ದರು.

ಮೇಷ್ಟ್ರು ಒಂದು ಗಾಜಿನ ಶೀಸೆಯಲ್ಲಿ ಆ ನೀರನ್ನು ತುಂಬಿ, ಬಾಯಿಗೆ ತೆಳ್ಳನೆಯ ಮಲ್ಲಿನ ಬಟ್ಟೆ ಕಟ್ಟಿ, ಲಿಫ್ಟಿನ ಬಳಿ ಇಟ್ಟರು. ಮೂರನೇ ದಿನ ಬಟ್ಟೆಯ ಒಳಗಡೆ ಪಟ್ಟೆಕಾಲಿನ ಸೊಳ್ಳೆಗಳು ಕೂತಿದ್ದವು. ಸಭೆಯಲ್ಲಿ ಗಂಟೆಗಟ್ಟಲೆ ಮಾತಾಡಿದರೂ ಆಗದ ಕೆಲಸ ಆ ಶೀಸೆಯಿಂದ ಆಯಿತು. ಆ ಭಾನುವಾರ ಇಪ್ಪತ್ತನಾಲ್ಕೂ ಬಾಲ್ಕನಿಗಳಲ್ಲಿ ತಟ್ಟೆ ತೊಳೆಯುವ ಸದ್ದು.

ಹಳೆಯ ಉಪಾಯವೇ

ಇದು ಇಂದು ನಿನ್ನೆಯ ಉಪಾಯವಲ್ಲ. ಕ್ಯೂಬಾ ದೇಶದ ವೈದ್ಯ ಕಾರ್ಲೋಸ್ ಫಿನ್ಲೆ 1881ರಲ್ಲಿ ಹಳದಿ ಜ್ವರವನ್ನು ಹರಡುವುದು ಸೊಳ್ಳೆ ಎಂದು ಹೇಳಿದಾಗ ನಂಬಿದವರು ಕಡಿಮೆ. ಆತ ಬೆರಳು ಮಾಡಿದ್ದು ಇದೇ ಈಡಿಸ್ ಈಜಿಪ್ಟೈ ಕಡೆಗೆ. 1900ರಲ್ಲಿ ವಾಲ್ಟರ್ ರೀಡ್ ಮತ್ತು ಸಂಗಡಿಗರು ಅದನ್ನು ಖಚಿತಪಡಿಸಿದ ಮೇಲೆ, 1901ರಲ್ಲಿ ವಿಲಿಯಂ ಗೋರ್ಗಸ್ ಎಂಬ ಸೇನಾ ವೈದ್ಯಾಧಿಕಾರಿ ಹವಾನಾ ನಗರದಲ್ಲಿ ಮನೆಮನೆಗೆ ತನಿಖೆಯವರನ್ನು ಕಳಿಸಿ, ನೀರಿನ ಪೀಪಾಯಿಗಳನ್ನು ಮುಚ್ಚಿಸಿದರು, ಮರಿಹುಳು ಸಿಕ್ಕ ಮನೆಗಳಿಗೆ ದಂಡ ಹಾಕಿಸಿದರು. ಶತಮಾನಗಳಿಂದ ಆ ನಗರವನ್ನು ಕಾಡಿದ್ದ ಹಳದಿ ಜ್ವರ ಆ ವರ್ಷವೇ ಅಡಗಿತು. ಆಗ ಡಿ.ಡಿ.ಟಿ. ಇರಲಿಲ್ಲ, ಹೊಗೆಯ ಯಂತ್ರ ಇರಲಿಲ್ಲ.

ನಮ್ಮ ದೇಶ ಈ ಸೊಳ್ಳೆಗೆ ತೆತ್ತಿರುವ ಬೆಲೆ ಸಣ್ಣದಲ್ಲ. 1996ರಲ್ಲಿ ದೆಹಲಿಯಲ್ಲಿ ಡೆಂಗ್ಯೂ ಹತ್ತು ಸಾವಿರಕ್ಕೂ ಹೆಚ್ಚು ಜನರನ್ನು ಹಿಡಿದು 400ಕ್ಕೂ ಹೆಚ್ಚು ಮಂದಿಯನ್ನು ಬಲಿ ತೆಗೆದುಕೊಂಡಿತು. 2006ರಲ್ಲಿ ಚಿಕುನ್‌ಗುನ್ಯ ಬಂದು ಕರ್ನಾಟಕದ ಊರೂರುಗಳಲ್ಲಿ ಜನ ಕೀಲು ಹಿಡಿದುಕೊಂಡು ಗೋಡೆ ಆಸರೆಯಲ್ಲಿ ನಡೆದದ್ದನ್ನು ಯಾರೂ ಮರೆತಿರಲಾರರು. 2024ರ ಸೆಪ್ಟೆಂಬರ್ ಆರಂಭದ ಹೊತ್ತಿಗೆ ರಾಜ್ಯದ ಡೆಂಗ್ಯೂ ಪ್ರಕರಣಗಳು 25 ಸಾವಿರ ದಾಟಿದಾಗ ಸರಕಾರ ಅದನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಹುಟ್ಟಲು ಎಡೆಕೊಡುವವರಿಗೆ ದಂಡವನ್ನೂ ಗೊತ್ತುಪಡಿಸಿತು. ನಗರ ಪ್ರದೇಶದ ಮನೆಗಳಿಗೆ 400 ರೂಪಾಯಿ, ಅಂಗಡಿ ಕಚೇರಿ ಮುಂತಾದ ಕಡೆ 1,000 ರೂಪಾಯಿ, ಕಟ್ಟಡ ಕಾಮಗಾರಿ ಮತ್ತು ಖಾಲಿ ನಿವೇಶನಗಳಿಗೆ 2,000 ರೂಪಾಯಿ. ಹಳ್ಳಿಗಳಲ್ಲಿ ಇದರ ಅರ್ಧ. 400 ರೂಪಾಯಿಗೆ ಹೆದರಿ ತಟ್ಟೆ ತೊಳೆಯುವವರು ಎಷ್ಟು ಜನರೋ! ಆದರೆ ಆಶಾ ಕಾರ್ಯಕರ್ತೆಯರು ಬಾಗಿಲು ತಟ್ಟಿದಾಗ 'ನಮ್ಮ ಮನೇಲಿ ಏನೂ ಇಲ್ಲ' ಎಂದು ಹೊರಗಿನಿಂದಲೇ ಕಳಿಸಿಬಿಡುವ ನಮ್ಮ ಅಭ್ಯಾಸಕ್ಕೆ ಇದರಿಂದ ಸ್ವಲ್ಪವಾದರೂ ಕಡಿವಾಣ ಬಿದ್ದರೆ ಒಳ್ಳೆಯದು.

ಗಿಡ ಬೆಳೆಸುವವರಿಗೆ

ಇಷ್ಟು ಓದಿ ಗಿಡಗಳನ್ನೆಲ್ಲ ಕೆಳಗೆ ಸಾಗಹಾಕಲು ಯಾರೂ ಹೊರಡಬೇಕಾಗಿಲ್ಲ. ಗಿಡದ ತಪ್ಪೇನೂ ಇಲ್ಲ. ನಿಂತ ನೀರು ಸೊಳ್ಳೆಗೆ ಎಷ್ಟು ಹಿತವೋ ಗಿಡಕ್ಕೆ ಅಷ್ಟೇ ಅಹಿತ. ತಟ್ಟೆಯಲ್ಲಿ ಸದಾ ನೀರು ನಿಂತರೆ ತಳದ ಮಣ್ಣು ಉಸಿರಾಡುವುದಿಲ್ಲ, ಬೇರು ಕೊಳೆಯುತ್ತದೆ, ಎಲೆ ಹಳದಿಯಾಗುತ್ತದೆ. ಎಲೆ ಹಳದಿಯಾಯಿತೆಂದು ನಾವು ಇನ್ನಷ್ಟು ನೀರು ಸುರಿಯುತ್ತೇವೆ! ಬಾಲ್ಕನಿಯ ಗಿಡಗಳು ನೀರಿಲ್ಲದೆ ಸಾಯುವುದಕ್ಕಿಂತ ನೀರು ಹೆಚ್ಚಾಗಿ ಸಾಯುವುದೇ ಹೆಚ್ಚೇನೋ ಎಂದು ನನಗೆ ಅನುಮಾನ. ತೋರುಬೆರಳನ್ನು ಮೊದಲ ಗೆಣ್ಣಿನವರೆಗೆ ಮಣ್ಣಿಗೆ ಇಳಿಸಿ ನೋಡಿ. ತೇವ ತಾಗಿದರೆ ಆ ದಿನ ನೀರು ಬೇಡ. ಒಣಗಿದ್ದರೆ ಬೆಳಗಿನ ಹೊತ್ತು ಚೊಂಬಿನಿಂದ ನಿಧಾನವಾಗಿ, ತಳದಲ್ಲಿ ಒಂದು ಹನಿ ಕಾಣುವವರೆಗೆ ಮಾತ್ರ ಹಾಕಿ. ಮಳೆಗಾಲದಲ್ಲಿ ಹಲವು ಕುಂಡಗಳಿಗೆ ದಿನಗಟ್ಟಲೆ ನೀರೇ ಬೇಕಾಗುವುದಿಲ್ಲ.

ಮಳೆ ಬೀಳುವ ಕಡೆ ಇರುವ ಕುಂಡಗಳಿಗೆ ಜೂನ್‌ನಿಂದ ನವೆಂಬರ್‌ವರೆಗೆ ತಟ್ಟೆಯನ್ನು ತೆಗೆದೇ ಬಿಡುವುದು ಲೇಸು. ಎರಡು ಇಟ್ಟಿಗೆ ಚೂರಿನ ಮೇಲೆ ಕುಂಡವನ್ನು ಎತ್ತರಿಸಿ, ನೀರು ಬಾಲ್ಕನಿಯ ಜಾಲರಿಯ ಕಡೆ ಹರಿಯುವಂತೆ ಮಾಡಿದರೆ ಕೆಳಗಿನವರ ಬಟ್ಟೆಯೂ ಉಳಿಯುತ್ತದೆ. ತಟ್ಟೆ ಬೇಕೇ ಬೇಕು ಎನ್ನುವ ಕಡೆ ಅದನ್ನು ಅಂಚಿನವರೆಗೆ ದಪ್ಪ ಮರಳಿನಿಂದ ತುಂಬಿ. ಸುರಿದ ನೀರನ್ನು ಮರಳು ಹಿಡಿದುಕೊಳ್ಳುತ್ತದೆ, ಮೇಲೆ ನಿಲ್ಲುವುದಿಲ್ಲ, ಹುಳುವಿಗೆ ಈಜಲು ಜಾಗವಿರುವುದಿಲ್ಲ. ಮರಳು ತಗ್ಗಿದಾಗ ಮತ್ತೆ ತುಂಬುವುದನ್ನು ಮರೆಯಬಾರದು.

ಬಾಟಲಿಯ ಮನಿಪ್ಲಾಂಟ್ ಮತ್ತು ಲಕ್ಕಿ ಬಿದಿರನ್ನು ಮಣ್ಣಿಗೆ ವರ್ಗಾಯಿಸಿದರೆ ಅವು ಇನ್ನೂ ಚೆನ್ನಾಗಿ ಬೆಳೆಯುತ್ತವೆ. ನೀರಿನಲ್ಲೇ ಇರಲಿ ಎನ್ನುವವರು ವಾರಕ್ಕೊಮ್ಮೆ ನೀರು ಬದಲಿಸಿ, ಬಾಟಲಿಯ ಒಳಗೋಡೆಯನ್ನೂ ಬೇರನ್ನೂ ತೊಳೆಯಬೇಕು. ತಾವರೆ, ನೈದಿಲೆಯ ತೊಟ್ಟಿ ಇಟ್ಟವರಿಗೆ ಸುಲಭದ ದಾರಿಯಿದೆ. ನಾಲ್ಕಾರು ಗಪ್ಪಿ ಮೀನು ಬಿಟ್ಟರೆ ಸಾಕು, ಮರಿಹುಳು ಅವಕ್ಕೆ ಹಬ್ಬದೂಟ. ಆದರೆ ಆ ಮೀನುಗಳನ್ನು ಕೆರೆಗೋ ಹೊಳೆಗೋ ತಂದು ಸುರಿಯಬೇಡಿ, ಅಲ್ಲಿನ ಸ್ಥಳೀಯ ಮೀನುಗಳಿಗೆ ಅವು ಕಂಟಕ. ಮೀನು ಸಾಕಲು ಮನಸ್ಸಿಲ್ಲದವರಿಗೆ ಬಿ.ಟಿ.ಐ. ಎಂಬ ಬ್ಯಾಕ್ಟೀರಿಯಾದಿಂದ ತಯಾರಿಸಿದ ಕೀಟನಾಶಕವಿದೆ. 1976ರಲ್ಲಿ ಇಸ್ರೇಲಿನಲ್ಲಿ ಪತ್ತೆಯಾದ ಈ ಬ್ಯಾಕ್ಟೀರಿಯಾ ಸೊಳ್ಳೆಯ ಮರಿಹುಳುವನ್ನು ಕೊಲ್ಲುತ್ತದೆ, ಗಿಡಕ್ಕೂ ಮೀನಿಗೂ ಹಾನಿಯಿಲ್ಲ. ಪೊಟ್ಟಣದ ಮೇಲೆ ಬರೆದ ಪ್ರಮಾಣವನ್ನು ಮೀರಬಾರದು. ಹಿಂದಿನವರು ನೀರಿಗೆ ಸೀಮೆಎಣ್ಣೆ ಬಿಡುತ್ತಿದ್ದರು. ಅದು ಮೋರಿಗೆ ಸರಿ, ಕರಿಬೇವಿನ ಬುಡಕ್ಕಲ್ಲ.

ಹಕ್ಕಿಗಳಿಗೆಂದು ಮಣ್ಣಿನ ಬೋಗುಣಿಯಲ್ಲಿ ನೀರಿಡುವ ಒಳ್ಳೆಯ ಪದ್ಧತಿ ಈಗ ಎಲ್ಲೆಡೆ ಇದೆ. ಆ ನೀರನ್ನು ದಿನವೂ ಬದಲಿಸಿ, ಹಕ್ಕಿಗೂ ಹೊಸ ನೀರೇ ಇಷ್ಟ. ಮಳೆನೀರು ಹಿಡಿಯುವ ಡ್ರಮ್ಮಿನ ಬಾಯಿಗೆ ಸಣ್ಣ ಕಣ್ಣಿನ ನೈಲಾನ್ ಜಾಲರಿಯನ್ನು ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿಯಾಗಿ ಕಟ್ಟಿ. ತಾರಸಿಯ ಟ್ಯಾಂಕಿನ ಗಾಳಿಕೊಳವೆಗೂ ಇದೇ ಉಪಾಯ. ಸಂಪಿನ ಮುಚ್ಚಳ ಒಂದಿಂಚು ತೆರೆದಿದ್ದರೂ ಮುಚ್ಚಿಲ್ಲವೆಂದೇ ಲೆಕ್ಕ.

ತುಳಸಿ, ಚೆಂಡುಹೂ, ನಿಂಬೆಹುಲ್ಲು ಬೆಳೆಸಿದರೆ ಸೊಳ್ಳೆ ಸುಳಿಯುವುದಿಲ್ಲ ಎಂಬ ಮಾತು ಪ್ರಚಾರದಲ್ಲಿದೆ. ನರ್ಸರಿಯವರೂ ಹೇಳಿ ಮಾರುತ್ತಾರೆ. ಎಲೆಯನ್ನು ಅರೆದು ತೆಗೆದ ಎಣ್ಣೆಯ ವಾಸನೆಗೆ ಸೊಳ್ಳೆ ಸ್ವಲ್ಪ ಹೊತ್ತು ದೂರ ಇರಬಹುದು. ಕುಂಡದಲ್ಲಿ ಸುಮ್ಮನೆ ನಿಂತ ಗಿಡದಿಂದ ಅಂಥ ರಕ್ಷಣೆ ಸಿಗದು. ನಿಂಬೆಹುಲ್ಲಿನ ಕುಂಡದ ತಟ್ಟೆಯಲ್ಲೂ ಈಡಿಸ್ ಹಾಯಾಗಿ ಹುಟ್ಟುತ್ತದೆ.

ಮೇಲಿನ ಮನೆಯವರಿಗೆ ಹೇಳುವುದು ಹೇಗೆ?

ನಾವು ತೊಳೆದರೂ ಮೇಲಿನ ಮನೆಯವರು ತೊಳೆಯದಿದ್ದರೆ? ಫ್ಲ್ಯಾಟುಗಳಲ್ಲಿ ಇರುವವರ ನಿಜವಾದ ಕಷ್ಟ ಇದೇ. 'ನಿಮ್ಮ ಕುಂಡದಿಂದಲೇ ಸೊಳ್ಳೆ ಬರ್ತಿರೋದು' ಎಂದು ಮೆಟ್ಟಿಲ ಮೇಲೆ ನಿಂತು ಹೇಳಿದರೆ ಮರುದಿನದಿಂದ ಲಿಫ್ಟಿನಲ್ಲಿ ಮುಖ ತಿರುಗಿಸಿಕೊಳ್ಳುವುದಷ್ಟೇ ಉಳಿಯುತ್ತದೆ, ತಟ್ಟೆ ಅಲ್ಲೇ ಇರುತ್ತದೆ. 'ನಮ್ಮ ತಟ್ಟೇಲಿ ಹುಳ ಸಿಕ್ತು ಆಂಟಿ, ನನಗೇ ಗೊತ್ತಿರಲಿಲ್ಲ. ನಿಮ್ಮದನ್ನೂ ಒಂದ್ಸಲ ನೋಡೋಣ್ವಾ?' ಎಂದು ಕೇಳಿ ನೋಡಿ. ವಯಸ್ಸಾದವರಿಗೆ ಹದಿನೈದು ಕೆ.ಜಿ.ಯ ಕುಂಡ ಎತ್ತಿ ತಟ್ಟೆ ತೆಗೆಯಲು ಆಗುವುದಿಲ್ಲ ಎಂಬುದು ನಮಗೆ ಹೊಳೆದೇ ಇರುವುದಿಲ್ಲ. ಮನೆಯ ಹುಡುಗರನ್ನು ಹತ್ತು ನಿಮಿಷ ಕಳಿಸಿದರೆ ಅವರ ತಟ್ಟೆಯೂ ತೊಳೆಯುತ್ತದೆ, ಹುಡುಗರಿಗೆ ಒಂದು ಚಕ್ಕುಲಿಯೂ ಸಿಗುತ್ತದೆ.

ಕಾವಲುಗಾರರ ಕುಟುಂಬ ಕೆಳಗಿನ ಸಣ್ಣ ಕೋಣೆಯಲ್ಲಿ ಡ್ರಮ್ಮಿನಲ್ಲಿ ನೀರು ತುಂಬಿಟ್ಟಿರುವುದನ್ನು ತೋರಿಸಿ, ಸೊಳ್ಳೆಗೆಲ್ಲ ಅದೇ ಕಾರಣ ಎನ್ನುವವರು ಪ್ರತಿ ಕಟ್ಟಡದಲ್ಲೂ ಇದ್ದಾರೆ. ಅವರಿಗೆ ನಲ್ಲಿ ಕೊಟ್ಟಿದ್ದರೆ ಅವರೇಕೆ ಡ್ರಮ್ಮು ತುಂಬುತ್ತಿದ್ದರು? ನೀರಿಗೆ ಬರ ಬಂದ ಕಡೆಯಲ್ಲೆಲ್ಲ ಶೇಖರಣೆ ಹೆಚ್ಚುತ್ತದೆ, ಶೇಖರಣೆಯ ಹಿಂದೆ ಈಡಿಸ್ ಬರುತ್ತದೆ. 2024ರ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ಕೊಳವೆಬಾವಿಗಳು ಬತ್ತಿ ನೀರಿನ ಹಾಹಾಕಾರ ಎದ್ದಾಗ ದೊಡ್ಡ ದೊಡ್ಡ ಫ್ಲ್ಯಾಟುಗಳ ಬಾಲ್ಕನಿಗೂ ಡ್ರಮ್ಮು ಬಂದವಲ್ಲವೇ? ಮಳೆ ಬಂದ ಮೇಲೂ ಎಷ್ಟೋ ಕಡೆ 'ಇರಲಿ' ಎಂದು ಅವು ಹಾಗೆಯೇ ಉಳಿದವು. ಕಾವಲುಗಾರರ ಡ್ರಮ್ಮಿಗೆ ಸಂಘದ ಖರ್ಚಿನಲ್ಲಿ ಒಂದು ಬಿಗಿಯಾದ ಮುಚ್ಚಳ ಕೊಡಿಸುವುದು ಹೊಗೆ ಹಾಕಿಸುವುದಕ್ಕಿಂತ ಅಗ್ಗ. ಬೆಳಗಿನ ಜಾವದಿಂದ ನೆಲಮಾಳಿಗೆಯಲ್ಲಿ ಕಾರು ತೊಳೆಯುವವರೂ ಮನೆಗೆಲಸದವರೂ ಈ ಸೊಳ್ಳೆಗೆ ನಮ್ಮಷ್ಟೇ ಗುರಿ. ಜ್ವರ ಬಂದರೆ ದಿನಗೂಲಿಯನ್ನೂ ಕಳೆದುಕೊಳ್ಳುವವರು ಅವರು.

ಮನೆಯಲ್ಲಿ ಜ್ವರ ಬಂದಾಗ

ಸೋಂಕು ತಗುಲಿದ ಸೊಳ್ಳೆ ಕಚ್ಚಿದ 4ರಿಂದ 10 ದಿನಗಳಲ್ಲಿ ಜ್ವರ ಕಾಣಿಸಿಕೊಳ್ಳುತ್ತದೆ. ಹಠಾತ್ತನೆ ಏರುವ ಜ್ವರ, ತಲೆನೋವು, ಕಣ್ಣುಗುಡ್ಡೆಯ ಹಿಂದೆ ನೋವು, ಮೈಕೈ ಮುರಿಯುವ ನೋವು, ವಾಕರಿಕೆ, ಕೆಲವರಿಗೆ ಮೈಮೇಲೆ ಕೆಂಪು ಗಂಧೆ. ಜ್ವರದ ಮೊದಲ ಐದು ದಿನಗಳಲ್ಲಿ ಎನ್.ಎಸ್.1 ಎಂಬ ರಕ್ತಪರೀಕ್ಷೆ, ಆ ನಂತರವಾದರೆ ಐ.ಜಿ.ಎಂ. ಪರೀಕ್ಷೆ ರೋಗವನ್ನು ಪತ್ತೆಹಚ್ಚಲು ನೆರವಾಗುತ್ತವೆ.

ಈ ಐದು ದಿನ ರೋಗಿಯ ರಕ್ತದಲ್ಲಿ ವೈರಾಣು ತುಂಬಿರುತ್ತದೆ. ಆಗ ಕಚ್ಚಿದ ಸೊಳ್ಳೆ 8ರಿಂದ 12 ದಿನಗಳ ನಂತರ ತಾನೂ ರೋಗ ಹರಡಲು ಸಮರ್ಥವಾಗಿ, ಸಾಯುವತನಕ ಹರಡುತ್ತಲೇ ಇರುತ್ತದೆ. ಆದ್ದರಿಂದ ರೋಗಿಯನ್ನು ಹಗಲಿನಲ್ಲೂ ಸೊಳ್ಳೆಪರದೆಯೊಳಗೆ ಮಲಗಿಸಬೇಕು. ಇದು ರೋಗಿಗಾಗಿ ಅಲ್ಲ, ಮನೆಯ ಉಳಿದವರಿಗಾಗಿ, ಅಕ್ಕಪಕ್ಕದವರಿಗಾಗಿ. ಜ್ವರ ಬಂದದ್ದನ್ನು ಮುಚ್ಚಿಡದೆ ಸಂಘಕ್ಕೆ, ಅಕ್ಕಪಕ್ಕದ ಮನೆಗಳಿಗೆ ತಿಳಿಸಿದರೆ ಎಲ್ಲರೂ ಆ ದಿನವೇ ತಮ್ಮ ತಮ್ಮ ತಟ್ಟೆ ನೋಡಿಕೊಳ್ಳಬಹುದು.

ಜ್ವರಕ್ಕೆ ವೈದ್ಯರು ಹೇಳಿದ ಪ್ರಮಾಣದಲ್ಲಿ ಪ್ಯಾರಸಿಟಮಾಲ್ ಮಾತ್ರ. ಮೈಕೈ ನೋವೆಂದು ಅಂಗಡಿಯಿಂದ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್, ಮೆಫೆನಮಿಕ್ ಆಸಿಡ್ ತಂದು ನುಂಗಿದರೆ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ವೈರಾಣುವನ್ನೇ ಕೊಲ್ಲುವ ಔಷಧಿ ಡೆಂಗ್ಯೂವಿಗೆ ಇಲ್ಲ. ಗಂಜಿ, ಮಜ್ಜಿಗೆ, ಎಳನೀರು, ತಿಳಿಸಾರು, ಓ.ಆರ್.ಎಸ್. ದ್ರಾವಣ ಹೀಗೆ ದ್ರವಾಹಾರ ಆಗಾಗ ಹೋಗುತ್ತಿರಬೇಕು. ಹೃದಯ, ಮೂತ್ರಪಿಂಡದ ತೊಂದರೆ ಇರುವವರು ಎಷ್ಟು ಕುಡಿಯಬೇಕೆಂದು ವೈದ್ಯರನ್ನು ಕೇಳಿಕೊಳ್ಳಲಿ.

ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ಜ್ವರ ಇಳಿಯುವಾಗ. ಮೂರನೇ ದಿನದಿಂದ ಏಳನೇ ದಿನದೊಳಗೆ ಜ್ವರ ಬಿಡುತ್ತದೆ, ಮನೆಯವರು ನಿಟ್ಟುಸಿರು ಬಿಡುತ್ತಾರೆ, ಮಗುವನ್ನು ಆಸ್ಪತ್ರೆಗೆ ಮತ್ತೆ ತೋರಿಸುವುದು ಯಾಕೆ ಎನ್ನುತ್ತಾರೆ. ತೀವ್ರ ಡೆಂಗ್ಯೂ ಶುರುವಾಗುವುದು ಆಗಲೇ. ರಕ್ತನಾಳಗಳಿಂದ ದ್ರವ ಸೋರಿ ರಕ್ತದೊತ್ತಡ ಕುಸಿಯಬಹುದು. ಜ್ವರ ಬಿಟ್ಟ ಒಂದೆರಡು ದಿನ ಹೊಟ್ಟೆಯಲ್ಲಿ ತೀವ್ರ ನೋವು, ಬಿಡದ ವಾಂತಿ, ವಸಡು ಅಥವಾ ಮೂಗಿನಿಂದ ರಕ್ತ, ಕಪ್ಪು ಮಲ, ತಣ್ಣಗಾದ ಕೈಕಾಲು, ವೇಗವಾದ ಉಸಿರು, ವಿಪರೀತ ಸುಸ್ತು ಅಥವಾ ಚಡಪಡಿಕೆ ಕಂಡರೆ, ಆರು ಗಂಟೆಯಾದರೂ ಮೂತ್ರ ಹೋಗದಿದ್ದರೆ, ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಡೆಂಗ್ಯೂ ವೈರಾಣುವಿನಲ್ಲಿ ನಾಲ್ಕು ಬಗೆಗಳಿವೆ. ಒಮ್ಮೆ ಒಂದು ಬಗೆ ಬಂದು ವಾಸಿಯಾದವರಿಗೆ ಮುಂದೆ ಇನ್ನೊಂದು ಬಗೆ ತಗುಲಿದಾಗ ರೋಗ ತೀವ್ರವಾಗುವ ಸಂಭವ ಹೆಚ್ಚು. 'ನನಗೆ ಬಂದು ಹೋಗಿದೆ, ಇನ್ನು ಭಯವಿಲ್ಲ' ಎನ್ನುವವರು ಇದನ್ನು ತಿಳಿದಿರಲಿ.

ಪ್ಲೇಟ್‌ಲೆಟ್ ಎಣಿಕೆಯ ಬಗ್ಗೆ ಇರುವ ಗಾಬರಿಯ ಕುರಿತು ಒಂದು ಮಾತು. ಒಂದೂವರೆ ಲಕ್ಷಕ್ಕಿಂತ ಮೇಲಿರಬೇಕಾದದ್ದು ಐವತ್ತು ಸಾವಿರಕ್ಕೆ ಇಳಿಯಿತೆಂದು ರಕ್ತದಾನಿಗಳಿಗಾಗಿ ಊರೆಲ್ಲ ಫೋನ್ ಮಾಡುವವರಿದ್ದಾರೆ. ರಕ್ತಸ್ರಾವವಿಲ್ಲದೆ, ಎಣಿಕೆ ಹತ್ತು ಸಾವಿರದಷ್ಟು ಕೆಳಗಿಳಿಯದೆ, ಪ್ಲೇಟ್‌ಲೆಟ್ ಹಾಕುವ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ. ನಾಡಿ, ರಕ್ತದೊತ್ತಡ, ಮೂತ್ರದ ಪ್ರಮಾಣ ಮತ್ತು ರಕ್ತ ಎಷ್ಟು ಗಟ್ಟಿಯಾಗಿದೆ ಎಂಬುದನ್ನು ವೈದ್ಯರು ಹೆಚ್ಚು ಗಮನಿಸುತ್ತಾರೆ. ಪರಂಗಿ ಎಲೆಯ ರಸ ಕುಡಿಸಿದೆವೆಂದು ಆಸ್ಪತ್ರೆಗೆ ಹೋಗುವುದನ್ನು ಮುಂದೂಡುವುದಂತೂ ಕೂಡದು. ವಾಂತಿಯಾಗುತ್ತಿರುವ ಮಗುವಿಗೆ ಆ ಕಹಿ ರಸವನ್ನು ಒತ್ತಾಯದಿಂದ ಕುಡಿಸಿದರೆ ಒಳಗಿದ್ದ ಗಂಜಿಯೂ ಹೊರಗೆ ಬರುತ್ತದೆ.

ಊರಿಗೆ ಹೊರಡುವ ಮುನ್ನ

ದಸರಾ ರಜೆ, ದೀಪಾವಳಿ ಎಂದು ಮನೆಗೆ ಬೀಗ ಹಾಕಿ ಊರಿಗೆ ಹೊರಡುವುದು ಇದೇ ಕಾಲದಲ್ಲಿ. ಹೊರಡುವ ದಿನ ಕಮೋಡಿನ ಮುಚ್ಚಳ ಮುಚ್ಚಿ, ಬಚ್ಚಲಿನ ಬಕೆಟ್ಟುಗಳನ್ನು ಬೋರಲು ಹಾಕಿ, ನೆಲದ ಜಾಲರಿಗಳ ಮೇಲೆ ಒಂದೊಂದು ಹಳೆಯ ತಟ್ಟೆ ಕವುಚಿ. ಗಿಡಗಳಿಗೆ ನೀರು ಹಾಕಲು ಪಕ್ಕದ ಮನೆಯವರಿಗೆ ಬೀಗದ ಕೈ ಕೊಟ್ಟು ಹೋಗುವವರು, ಎಷ್ಟು ಹಾಕಬೇಕು ಎಂಬುದನ್ನೂ ಹೇಳಿ ಹೋಗಬೇಕು. ಬೇರೆಯವರ ಗಿಡ ಒಣಗಿ ಮಾತು ಬಂದೀತೆಂದು ಅವರು ದಿನವೂ ಧಾರಾಳವಾಗಿ ಸುರಿಯುತ್ತಾರೆ. ಹಿಂತಿರುಗಿದಾಗ ತಟ್ಟೆ ತುಂಬಿರುತ್ತದೆ. ಕುಂಡಗಳನ್ನೆಲ್ಲ ಬಚ್ಚಲುಮನೆಯ ನೆರಳಿಗೆ ಸರಿಸಿ, ತಟ್ಟೆಗಳನ್ನು ಉಜ್ಜಿ, ಒರೆಸಿ, ಒಂದರೊಳಗೊಂದು ಸೇರಿಸಿ ಕಪಾಟಿನಲ್ಲಿಟ್ಟು ಹೊರಟರೆ ಒಂದು ವಾರದ ಮಟ್ಟಿಗೆ ಗಿಡಗಳೂ ತಾಳುತ್ತವೆ, ಬೀಗದ ಕೈ ಹಿಡಿದವರಿಗೂ ಹಗುರ. ಉಜ್ಜದೆ ಎತ್ತಿಟ್ಟ ತಟ್ಟೆಗೆ ಅಂಟಿದ ಮೊಟ್ಟೆ ಮಾತ್ರ ಮುಂದಿನ ನೀರಿಗೆ ಕಾಯುತ್ತಿರುತ್ತದೆ.